ಕೋದಂಡರಾಮಪ್ಪನ ಬಿಗಿ ಜೋಲಿ

ನಮ್ಮ ಚಿಕ್ಕಪ್ಪ ಕೋದಂಡರಾಮಪ್ಪನಿಗೆ ಗೌನಿಪಲ್ಲಿ ಸುತ್ತಮುತ್ತ ಒಂದು ಹೆಸರಿದೆ. ಯಾರ ಮನೆಯಲ್ಲೇ ಕುರ್ಚಿ ಕೊಡಲಿ, ಅಲ್ಲಾಡಿಸಿ ನೋಡದೆ ಅವನು ಕೂರುವುದಿಲ್ಲ. ಎಳನೀರನ್ನು ಕಣ್ಣೆದುರೇ ಕೊಚ್ಚಿಸದಿದ್ದರೆ ಕುಡಿಯುವುದಿಲ್ಲ. ಶ್ರೀನಿವಾಸಪುರದ ಮಾವಿನ ಮಂಡಿಗೆ ಹೋದರೆ ಮೊದಲು ತಾನೇ ತೂಕದ ಯಂತ್ರದ ಮೇಲೆ ಹತ್ತಿ ನಿಲ್ಲುತ್ತಾನೆ. ತನ್ನ ತೂಕ ಸರಿಯಾಗಿ ಬಂದರೆ ಮಾತ್ರ ಹಣ್ಣು ಇಳಿಸುತ್ತಾನೆ. ಒಂದು ಸಲ ಅವನ ತೂಕವೇ ಕಡಿಮೆ ಬಂತು. ಮಂಡಿಯವನ ಜೊತೆ ಮಧ್ಯಾಹ್ನದವರೆಗೆ ಜಗಳವಾಡಿದ. ಹಿಂದಿನ ವಾರ ಜ್ವರ ಬಂದು ಅವನು ನಿಜವಾಗಿಯೂ ಸೊರಗಿದ್ದ ಅಂತ ಆಮೇಲೆ ಗೊತ್ತಾಯಿತು. ಅದನ್ನು ಒಪ್ಪಿಕೊಂಡನೇ ಅಂದರೆ ಇಲ್ಲ, ಮನೆಗೆ ಬಂದು ಜ್ವರದ ಮೇಲೆ ಅನುಮಾನಪಟ್ಟ.

ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಆರಿಸಿ ಕುಡಿಯುತ್ತಾನಂತೆ. ನಮ್ಮ ಚಿಕ್ಕಪ್ಪನಿಗೆ ಯಾವ ಹಾಲೂ ಸುಟ್ಟಿರಲಿಲ್ಲ. ಅವನಿಗೆ ಯಾರಾದರೂ ಮೋಸ ಮಾಡಿದ ಕಥೆ ನಮ್ಮ ಮನೆತನದಲ್ಲಿ ಇಲ್ಲ. ಹುಟ್ಟುತ್ತಲೇ ಸೂಲಗಿತ್ತಿಯನ್ನು ಅನುಮಾನದಿಂದ ನೋಡಿದ ಮಗು ಅಂತ ನಮ್ಮಜ್ಜಿ ತಮಾಷೆ ಮಾಡುತ್ತಿದ್ದಳು. ಮಗಳನ್ನು ಮಾಲೂರಿಗೆ ಕೊಡುವಾಗ, ಹುಡುಗ ಕೆಲಸ ಮಾಡುವ ಹಂಚಿನ ಕಾರ್ಖಾನೆಗೆ ಹಂಚು ಕೊಳ್ಳುವವನ ಹಾಗೆ ಹೋಗಿದ್ದ. ಒಂದೊಂದೇ ಹಂಚನ್ನು ಬೆರಳಿನಿಂದ ಕುಟ್ಟಿ ನೋಡುತ್ತಾ ಹುಡುಗನ ಗುಣ ವಿಚಾರಿಸಿಕೊಂಡು ಬಂದ. ಅಳಿಯನಿಗೆ ಈ ಕಥೆ ಈಗಲೂ ಗೊತ್ತಿಲ್ಲ, ಯಾರೂ ಹೇಳಬೇಡಿ.

ಇಂಥವನು ಇಡೀ ಭೂಮಿಯ ಮೇಲೆ ಒಬ್ಬರನ್ನು ಮಾತ್ರ ನಂಬಿದ್ದ. ಅದು ನಮ್ಮ ಚಿಕ್ಕಮ್ಮ ವೆಂಕಟರತ್ನಮ್ಮ. ಆ ನಂಬಿಕೆಯೂ ಅನುಮಾನದಿಂದಲೇ ಶುರುವಾಯಿತು. ತಾಯಲೂರಿನಲ್ಲಿ ನೋಡಿ ಒಪ್ಪಿದ ಹುಡುಗಿಯನ್ನೇ ಮದುವೆ ಮಾಡಿಕೊಡುತ್ತಾರೋ, ಬೇರೆ ಯಾರನ್ನಾದರೂ ತಂದು ಕೂರಿಸುತ್ತಾರೋ ಅಂತ ಅವನಿಗೆ ಹೆದರಿಕೆ. ಧಾರೆಯ ಹೊತ್ತಿನಲ್ಲಿ ನಡುವೆ ತೆರೆ ಹಿಡಿದಿದ್ದಾಗ, ಪುರೋಹಿತರು ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದಾಗ, ಇವನು ಬಗ್ಗಿ ಕೆಳಗಿನಿಂದ ಇಣುಕಿದನಂತೆ. ಅವಳೂ ಬಗ್ಗಿ, ‘ನಾನೇ ಕಣಯ್ಯ’ ಅಂದಳಂತೆ. ಅವತ್ತಿನಿಂದ ಅವಳು ಹೇಳಿದ್ದೇ ಸತ್ಯ. ಮಂಡಿಯಿಂದ ತಂದ ದುಡ್ಡನ್ನು ಎಣಿಸದೆ ಅವಳ ಕೈಗೆ ಹಾಕುತ್ತಿದ್ದ. ಅವಳು ಬಡಿಸಿದ್ದನ್ನು ನೋಡದೆ ಉಣ್ಣುತ್ತಿದ್ದ. ಊರಿನವರು ಅವನನ್ನು ಎಷ್ಟೇ ಆಡಿಕೊಂಡರೂ, ಈ ಒಂದು ವಿಷಯಕ್ಕೆ ಹೆಂಗಸರು ಚಿಕ್ಕಮ್ಮನನ್ನು ಕಂಡು ಹೊಟ್ಟೆಕಿಚ್ಚು ಪಡುತ್ತಿದ್ದರು. ಅನುಮಾನಂ ಪೆನುಭೂತಂ, ಅಂದರೆ ಅನುಮಾನವೇ ದೊಡ್ಡ ಭೂತ, ಅನ್ನುವ ತೆಲುಗು ಮಾತು ಆಂಧ್ರದಿಂದ ಗಡಿ ದಾಟಿ ನಮ್ಮ ಚಿಕ್ಕಪ್ಪನ ಮನೆಯ ಹೊಸಿಲ ತನಕ ಬಂದಿತ್ತು, ಒಳಗೆ ಕಾಲಿಟ್ಟಿರಲಿಲ್ಲ.

ಒಳಗೆ ಬಂದದ್ದು ನಾನು ಕೊಟ್ಟ ಒಂದು ಜೋಲಿಯಿಂದ.

ನಾನು ಮುಳಬಾಗಿಲಿನ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮೇಡಂ. ವಿದ್ಯಾರ್ಥಿಗಳನ್ನು ಆಗಾಗ ಆವನಿ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಬಿಡಾರ ಹಾಕಲು ಇಟ್ಟುಕೊಂಡಿದ್ದ ಎರಡು ಹ್ಯಾಮಕ್‌ಗಳಲ್ಲಿ ಒಂದನ್ನು ಹೋದ ವರ್ಷ ಮಾವಿನ ಸುಗ್ಗಿಯಲ್ಲಿ ಚಿಕ್ಕಪ್ಪನಿಗೆ ತಂದುಕೊಟ್ಟೆ. ಎರಡು ಮರಗಳ ನಡುವೆ ಕಟ್ಟಿ ಮಲಗುವ ಬಟ್ಟೆಯ ಜೋಲಿ ಅದು. ಕೊಡಲು ಕಾರಣವಿತ್ತು. ತೋಟದ ಕಾವಲಿಗೆ ಯಾರನ್ನೂ ನಂಬದೆ ಹಗಲೆಲ್ಲ ಅವನೇ ಹಗ್ಗದ ಮಂಚದ ಮೇಲೆ ಬಿದ್ದುಕೊಂಡು ಸೊಂಟ ಹಿಡಿಸಿಕೊಂಡಿದ್ದ. ಆ ಮಂಚದಲ್ಲಿ ಇನ್ನು ಮಲಗಬೇಡ ಅಂತ ಡಾಕ್ಟರು ಹೇಳಿದ್ದರು. ಡಾಕ್ಟರಿಗೂ ಮಾವಿನ ಕಳ್ಳರಿಗೂ ಏನಾದರೂ ಸಂಬಂಧವಿದೆಯೋ ಅಂತ ಅವನು ವಿಚಾರಿಸಿದ್ದ.

ನಾನೇ ಕಟ್ಟಿ ತೋರಿಸಿದೆ. ಜೊತೆಗೆ ಬಂದ ಅಗಲ ಪಟ್ಟಿಗಳನ್ನು ಎರಡು ಬೇನಿಷ ಮಾವಿನ ಮರಗಳಿಗೆ ಸುತ್ತಿ, ನಡುವೆ ಜೋಲಿಯನ್ನು ಸಿಕ್ಕಿಸಿದೆ. ಅದು ಬಾಳೆಕಾಯಿಯ ಹಾಗೆ ಬಾಗಿ ನಿಂತಿತು. ಚಿಕ್ಕಪ್ಪ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

‘ಏನಮ್ಮ ಸುನಂದ, ಹಿಂಗ್ ಜೋತ್ ಬಿದ್ದದಲ್ಲ? ಗಂಟು ಹಾಕಕ್ಕೆ ಬರಲ್ವಾ ನಿಂಗೆ?’

‘ಹಿಂಗೇ ಇರ್ಬೇಕು ಚಿಕ್ಕಪ್ಪ. ಬಿಗಿಯಾಗಿ ಎಳೀಬಾರ್ದು.’

‘ಅದ್ಯಾಕೆ ಎಳೀಬಾರ್ದು?’

ಎರಡು ಬೆರಳಿನಿಂದ ತೋರಿಸಿದೆ. ತೋರುಬೆರಳನ್ನು ಮುಂದಕ್ಕೆ ಚಾಚಿ, ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ಹಿಡಿಯಬೇಕು. ಹೆಬ್ಬೆರಳಿನ ತುದಿಯಿಂದ ತೋರುಬೆರಳಿನ ತುದಿಗೆ ಒಂದು ಗೆರೆ ಎಳೆದರೆ ಎಷ್ಟು ಇಳಿಜಾರೋ, ಮರದಿಂದ ಬರುವ ಪಟ್ಟಿ ಅಷ್ಟು ಇಳಿಜಾರಾಗಿರಬೇಕು. ಲೆಕ್ಕದಲ್ಲಿ ಹೇಳಿದರೆ ಮೂವತ್ತು ಡಿಗ್ರಿ. ಆಗ ಮಲಗಿದವನ ಭಾರ ಎಷ್ಟೋ ಅಷ್ಟೇ ಎಳೆತ ಒಂದೊಂದು ಮರದ ಮೇಲೆ ಬೀಳುತ್ತದೆ. ಬಿಗಿದು ಚಪ್ಪಟೆ ಮಾಡುತ್ತಾ ಹೋದರೆ ಮನುಷ್ಯ ಅವನೇ ಆದರೂ ಎಳೆತ ಎರಡು ಪಟ್ಟು, ಮೂರು ಪಟ್ಟು, ಆರು ಪಟ್ಟು ಏರುತ್ತದೆ. ಹಗ್ಗ ಕಿತ್ತುಬರಬಹುದು, ಯಾವುದಕ್ಕೆ ಕಟ್ಟಿದ್ದೇವೋ ಅದೇ ಬೀಳಬಹುದು. ಅದೂ ಅಲ್ಲದೆ ಬಿಗಿ ಜೋಲಿ ಮಗುಚಿಕೊಳ್ಳುತ್ತದೆ. ಬಾಗಿದ ಜೋಲಿಯಲ್ಲಿ ಸ್ವಲ್ಪ ಓರೆಯಾಗಿ ಮಲಗಿದರೆ ಬೆನ್ನು ನೆಟ್ಟಗಿರುತ್ತದೆ. ಇಷ್ಟನ್ನೂ ತಾಳ್ಮೆಯಿಂದ ಹೇಳಿದೆ. ನನ್ನ ತಾಳ್ಮೆಯನ್ನು ಕಾಲೇಜಿನಲ್ಲಿ ಯಾರೂ ಹೊಗಳಿದ್ದು ನನಗೆ ನೆನಪಿಲ್ಲ.

‘ಬಿಗಿದ್ರೆ ಕಿತ್ಕೊಂಡೋಗ್ತದೆ, ಸಡ್ಲ ಬಿಟ್ರೆ ಗಟ್ಟಿ ಇರ್ತದೆ. ಇದ್ಯಾವೂರ್ ನ್ಯಾಯ?’ ಅಂದ ಚಿಕ್ಕಪ್ಪ.

ಅವನ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ ಅನ್ನಬೇಕು. ನಮ್ಮ ಕಡೆ ಮನೆಯ ಯಜಮಾನನನ್ನು ಅಳೆಯುವುದೇ ಅವನ ಹಗ್ಗದ ಮಂಚದಿಂದ. ಬಂದ ನೆಂಟರು ಕೂರುವ ಮೊದಲು ಅಂಗೈಯಿಂದ ಒಮ್ಮೆ ತಟ್ಟುತ್ತಾರೆ. ತಮಟೆಯ ಹಾಗೆ ಸದ್ದು ಬಂದರೆ ಒಳ್ಳೆಯ ಮನೆ. ನಡುವೆ ಕುಳಿ ಬಿದ್ದಿದ್ದರೆ ಆ ಮನೆಯ ಗಂಡಸು ಸೋಮಾರಿ, ಅಲ್ಲಿ ಹೆಣ್ಣು ಕೊಡಬೇಡಿ. ಅದಕ್ಕೇ ನಮ್ಮ ಗಂಡಸರು ಕಾಲಿನ ಕಡೆಯ ಹಗ್ಗವನ್ನು ಆಗಾಗ ಎಳೆದು ಬಿಗಿಯುತ್ತಲೇ ಇರುತ್ತಾರೆ. ಚಿಕ್ಕಪ್ಪನ ಮಂಚ ಊರಿಗೇ ಬಿಗಿ. ಅಂಥವನ ತೋಟದಲ್ಲಿ, ರಸ್ತೆಗೆ ಕಾಣುವ ಹಾಗೆ, ಹೊಟ್ಟೆ ಜೋತುಬಿದ್ದ ಒಂದು ಜೋಲಿ.

ಆಗ ಚಿಕ್ಕಮ್ಮ ನನ್ನ ಕಡೆ ಸೇರಿಕೊಂಡಳು. ಅವಳು ಹಾಗೆ ಮಾಡಬಾರದಿತ್ತು ಅಂತ ಈಗ ಅನಿಸುತ್ತದೆ.

‘ಹುಡ್ಗಿ ಹೇಳೋದು ದಿಟ ಕಣಯ್ಯ’ ಅಂದಳು. ‘ಮದ್ವೆ ಆದ್ ಹೊಸದ್ರಲ್ಲಿ ನಾವಿಬ್ರೂ ಕೆರೆಯಿಂದ ಗೂಡೆಯಲ್ಲಿ ನೀರ್ ಎತ್ತುತ್ತಿರಲಿಲ್ವಾ? ನೀನು ಆ ಕಡೆ ಹಗ್ಗ ಹಿಡ್ದು, ನಾನು ಈ ಕಡೆ ಹಿಡ್ದು. ಹತ್ರ ನಿಂತ್ರೆ ಗೂಡೆ ಹಗುರ. ನೀನು ದೂರ ನಿಂತ್ಕೊಂಡು ಹಗ್ಗ ನೆಟ್ಟಗೆ ಎಳೆದ್ರೆ ನನ್ ಭುಜಾನೇ ಕಿತ್ತು ಬರ್ತಿತ್ತು. ನೀರ್ ಅಷ್ಟೇ, ಗೂಡೆ ಅದೇ.’

ಚಿಕ್ಕಪ್ಪ ತಲೆಯಾಡಿಸಿದ. ಅವಳ ಮಾತಿಗೆ ಅವನು ಎದುರಾಡಿದವನೇ ಅಲ್ಲ. ಆದರೆ ನಾನು ಬಸ್ಸು ಹತ್ತಿದ ಮೇಲೆ ಮಾಡಿದ್ದು ಬೇರೆ.

ಮುಂದಿನ ಭಾನುವಾರ ಹೋದಾಗ ನೋಡಿದೆ. ಪಟ್ಟಿಗಳನ್ನು ಬಿಚ್ಚಿ ಗೋಣಿಚೀಲಕ್ಕೆ ತುಂಬಿಸಿದ್ದ. ಅವು ರಿಬ್ಬನ್ನಂತೆ, ನಂಬುವ ಹಾಗಿಲ್ಲವಂತೆ. ಜಾಗವೂ ಬದಲಾಗಿತ್ತು. ರಸ್ತೆ ಚೆನ್ನಾಗಿ ಕಾಣಲಿ ಅಂತ ಜೋಲಿಯ ಒಂದು ಕೊನೆಯನ್ನು ಮಾವಿನ ಮರಕ್ಕೆ, ತಲೆಯ ಕಡೆಯ ಕೊನೆಯನ್ನು ಬೇಲಿಯ ಕಲ್ಲುಕಂಬಕ್ಕೆ ಹಗ್ಗದಿಂದ ಕಟ್ಟಿದ್ದ. ಹಣ್ಣಿನ ಲಾರಿಗೆ ಹಗ್ಗ ಬಿಗಿಯುವ ಹಾಗೆ ನಡುವೆ ಕೋಲು ಕೊಟ್ಟು ತಿರುಚಿ ಕಟ್ಟಿದ್ದ. ತಟ್ಟಿದರೆ ಸದ್ದು ಬರುತ್ತಿತ್ತು. ನನಗೆ ಕೋಪ ಬಂತು.

‘ಅದಿರ್ಲಿ ಬಿಡು’ ಅಂತ ಅವನು ನನ್ನ ತೋಳು ಹಿಡಿದು ಮರದ ಹಿಂದಕ್ಕೆ ಕರೆದುಕೊಂಡು ಹೋದ. ಧ್ವನಿ ತಗ್ಗಿಸಿದ. ‘ಯಾರೋ ದಿನಾ ಸಡ್ಲ ಮಾಡ್ತವ್ರೆ.’

‘ಏನನ್ನ?’

‘ಹಗ್ಗಾನ. ಬೆಳಿಗ್ಗೆ ಬಿಗೀತೀನಿ, ಮಲಗ್ತೀನಿ, ಸರಿಯಾಗಿರ್ತದೆ. ತೋಟ ಸುತ್ತಿ ಬಂದು ನೋಡಿದ್ರೆ ಜೋತ್ ಬಿದ್ದಿರ್ತದೆ. ಗಂಟು ಹಾಕಿದ್ ಹಂಗೇ ಇರ್ತದೆ. ಬಿಚ್ಚಿ ಸಡ್ಲ ಮಾಡಿ, ಮತ್ತೆ ನನ್ ಗಂಟನ್ನೇ ಹಾಕೋಗ್ತವ್ರೆ. ಗೊತ್ತಿರೋರೇ ಮಾಡ್ತಿರೋದು.’

ಹಗ್ಗ ತಾನಾಗಿ ಹಿಗ್ಗಿರಬಹುದು ಅಂದೆ. ಹಗ್ಗದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿ ಅಳೆದಿದ್ದನಂತೆ, ಹಿಗ್ಗಿಲ್ಲವಂತೆ. ಅನುಮಾನದ ಮನುಷ್ಯ ಇಂಥದ್ದರಲ್ಲಿ ಎಂದೂ ತಪ್ಪುವುದಿಲ್ಲ. ಅವನು ಅಳೆದದ್ದೆಲ್ಲ ಸರಿಯಾಗಿತ್ತು. ಅಳೆಯಬೇಕಾದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಅಳೆದಿದ್ದ.

ಮೊದಲ ಅನುಮಾನ ಪಕ್ಕದ ತೋಟದ ಚನ್ನರಾಯಪ್ಪನ ಮೇಲೆ. ತಾನು ಬಿದ್ದು ಸೊಂಟ ಮುರಿದುಕೊಂಡರೆ ತೋಟಕ್ಕೆ ಕಾವಲು ತಪ್ಪುತ್ತದೆ ಅಂತ ಅವನ ಲೆಕ್ಕ ಅಂದ. ಬೇಲಿಯ ಹತ್ತಿರ ನಿಂತು, ‘ಹಗ್ಗ ಮುಟ್ಟಿದ ಕೈಗೆ ಹುಳ ಬೀಳ್ಲಿ’ ಅಂತ ಗಾಳಿಗೆ ಹೇಳಿದ. ಆಚೆ ಗೊಬ್ಬರ ಹಾಕುತ್ತಿದ್ದ ಚನ್ನರಾಯಪ್ಪ ಪಾಪ, ತನ್ನ ಕೈ ನೋಡಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡು ನೋಡಿದ ಅಂತ ಚಿಕ್ಕಪ್ಪ ನನ್ನನ್ನು ತಿವಿದ. ಆದರೆ ಚನ್ನರಾಯಪ್ಪ ಮೊಮ್ಮಗುವಿನ ನಾಮಕರಣಕ್ಕೆ ಕೋಲಾರಕ್ಕೆ ಹೋದ ದಿನಗಳಲ್ಲೂ ಜೋಲಿ ಜೋತುಬಿದ್ದಿತು. ಆಮೇಲೆ ಕಾಯಿ ಕೀಳಲು ಬರುವ ಕದಿರಮ್ಮ. ಅವಳು ತನ್ನನ್ನು ನೋಡಿ ನಕ್ಕಳಂತೆ. ಅವನನ್ನು ನೋಡಿ ನಗದವರು ಯಾರಿದ್ದಾರೆ? ಆಮೇಲೆ ಕೋತಿಗಳು. ಕೋತಿ ಗಂಟು ಹಾಕುವುದಿಲ್ಲ ಅಂತ ಅವನೇ ಅದನ್ನು ಕೈಬಿಟ್ಟ. ದಿನವೂ ಕೋಲನ್ನು ಇನ್ನೊಂದು ಸುತ್ತು ತಿರುಚುತ್ತಲೇ ಇದ್ದ.

ಕೊನೆಗೆ ಅವನು ಒಲೆಯ ಬೂದಿ ತಂದ. ಮರದ ಬುಡದಲ್ಲಿ, ಕಂಬದ ಬುಡದಲ್ಲಿ, ಜೋಲಿಯ ಕೆಳಗೆ ತೆಳ್ಳಗೆ ಹರಡಿ ತೋಟ ಸುತ್ತಲು ಹೋದ. ಮಧ್ಯಾಹ್ನ ಬಂದು ನೋಡಿದರೆ ಜೋಲಿ ಜೋತುಬಿದ್ದಿತ್ತು. ಬೂದಿಯಲ್ಲಿ ಹೆಜ್ಜೆಗಳಿದ್ದವು. ಬರಿಗಾಲು, ಸಣ್ಣ ಹೆಜ್ಜೆ, ಬೆರಳಿನ ಹತ್ತಿರ ಕಾಲುಂಗುರ ಒತ್ತಿದ ಗುರುತು. ಆ ಪಾದವನ್ನು ಅವನು ತೆರೆಯ ಕೆಳಗಿನಿಂದ ನೋಡಿದ್ದ, ಆಮೇಲೆ ಜೀವನವೆಲ್ಲ ನೋಡಿದ್ದ. ದಿನವೂ ಅವಳು ತಂದಿಡುವ ಬುತ್ತಿ ಮರದ ಬುಡದಲ್ಲಿತ್ತು. ಅವತ್ತು ಅವನು ಅದನ್ನು ಬಿಚ್ಚಲಿಲ್ಲ.

ಬೂದಿ ಹಾಕಿದ್ದು ಒಂದು ಶನಿವಾರ. ಮಾರನೆಯ ದಿನ ನಾನು ಹೋದಾಗ ಚಿಕ್ಕಪ್ಪ ಜಗಲಿಯ ಮೇಲೆ ಕೂತಿದ್ದ, ಚಿಕ್ಕಮ್ಮ ಒಳಗೆ ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದಳು. ನನಗಾಗಿಯೇ ಮಾಡುತ್ತಿದ್ದಳು. ಅವನು ಒಳಗೆ ಹೋಗಿ ಬಾಗಿಲ ಚೌಕಟ್ಟು ಹಿಡಿದು ನಿಂತ.

‘ರತ್ನ, ಒಂದ್ ಮಾತ್ ಕೇಳ್ತೀನಿ. ಹಗ್ಗ ಸಡ್ಲ ಮಾಡ್ತಿರೋದು ನೀನೇನಾ?’

ರುಬ್ಬುವ ಕೈ ನಿಂತಿತು. ಅವಳು ಮೊದಲು ನಕ್ಕಳು. ತಮಾಷೆ ಅಂದುಕೊಂಡಳು.

‘ಬೂದೀಲಿ ನಿನ್ ಹೆಜ್ಜೆ ಅವೆ’ ಅಂದ. ‘ಸಡ್ಲ ಇರ್ಬೇಕು ಅಂತ ನೀನೇ ಹೇಳ್ದೆ. ನಾನು ಮಾತು ಕೇಳ್ಲಿಲ್ಲ ಅಂತ ನನ್ ಬೆನ್ ಹಿಂದೆ ಮಾಡ್ತಿದ್ದೀಯಾ?’

‘ಆ ಬೂದಿ ಇರುವೆಗೆ ಹಾಕಿದ್ಯ ಅನ್ಕೊಂಡೆ’ ಅಂದಳು ಚಿಕ್ಕಮ್ಮ. ‘ಬುತ್ತಿ ಇಡಕ್ಕೆ ಬಂದೆ, ಇಟ್ಟೆ, ಹೋದೆ.’

‘ಮತ್ತೆ ಹಗ್ಗ?’

ಗೌನಿಪಲ್ಲಿಯಲ್ಲಿ ನೋವು ತೀರ ಒಳಗೆ ಇಳಿದರೆ ಕನ್ನಡ ಸಾಲುವುದಿಲ್ಲ, ತೆಲುಗು ಬರುತ್ತದೆ. ‘ನಾ ಮೀದೇನಾ ನೀಕು ಅನುಮಾನಂ?’ ಅಂದಳು. ನನ್ನ ಮೇಲೆಯೇ ಅನುಮಾನವಾ ನಿನಗೆ ಅಂತ. ಜೋರಾಗಿ ಕೇಳಲಿಲ್ಲ. ಚಿಕ್ಕಪ್ಪನನ್ನು ಹಿಡಿದು ಕುಲುಕಬೇಕು ಅನಿಸಿತು ನನಗೆ. ಅವನು ಇಲ್ಲ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಇಲ್ಲ ಅನ್ನಲಿಲ್ಲ.

‘ನೀನಲ್ಲ ಅಂದ್ರೆ ಬಾ, ಅದ್ರಲ್ಲಿ ಕೂತ್ಕೋ’ ಅಂದ. ‘ನಾನು ಗಂಟು ನೋಡ್ತಾ ನಿಂತಿರ್ತೀನಿ. ಯಾರೂ ಮುಟ್ಟದೆ ತಾನೇ ಸಡ್ಲ ಆಗ್ತದಾ ನೋಡೇ ಬಿಡಾಣ.’

‘ಚಿಕ್ಕಪ್ಪ, ಇದು ಅತಿಯಾಯ್ತು’ ಅಂದೆ. ಚಿಕ್ಕಮ್ಮ ನನ್ನನ್ನು ಕೈಯಿಂದ ತಡೆದಳು. ಹೂರಣದ ಕೈಯನ್ನು ತೊಳೆದು, ಸೆರಗಿಗೆ ಒರೆಸಿಕೊಂಡು, ಅವನಿಗಿಂತ ಮುಂದಾಗಿ ತೋಟದ ಕಡೆ ನಡೆದಳು. ಅವಳು ಅಷ್ಟು ವೇಗವಾಗಿ ನಡೆದದ್ದನ್ನು ನಾನು ನೋಡಿರಲಿಲ್ಲ.

ಅವನು ಹಗ್ಗವನ್ನು ಬಿಗಿದ. ಇನ್ನು ಬಿಗಿಯಲು ಜಾಗವಿಲ್ಲ ಅನ್ನುವ ತನಕ ಕೋಲು ತಿರುಚಿದ. ಜೋಲಿ ಹಲಗೆಯ ಹಾಗೆ ನೆಟ್ಟಗೆ ನಿಂತಿತು. ಚಿಕ್ಕಮ್ಮ ಅದರ ನಡುವೆ ಹಿಂದೆಮುಂದೆ ನೋಡದೆ ಕೂತಳು. ಚಿಕ್ಕಪ್ಪ ಮರದ ಕಡೆಯ ಗಂಟಿನ ಹತ್ತಿರ ಕೈ ಕಟ್ಟಿ ನಿಂತ. ಕಣ್ಣು ಮಿಟುಕಿಸಲಿಲ್ಲ.

‘ಎಷ್ಟೊತ್ತು ಕೂರ್ಬೇಕು?’ ಅಂದಳು.

‘ನಾನು ಹೇಳೋವರ್ಗೂ.’

ರಸ್ತೆಯಲ್ಲಿ ಮಾವಿನ ಟೆಂಪೋ ಒಂದು ಹೋಯಿತು. ನೋಡನೋಡುತ್ತಿದ್ದ ಹಾಗೆ ಜೋಲಿ ಸ್ವಲ್ಪ ಕೆಳಗಿಳಿಯಿತು. ‘ನೋಡಯ್ಯ, ಯಾರ್ ಮುಟ್ಟಿದ್ರು?’ ಅಂದಳು ಚಿಕ್ಕಮ್ಮ. ಚಿಕ್ಕಪ್ಪ ಗಂಟಿಗೆ ಮುಖವಿಟ್ಟು ನೋಡಿದ. ಗಂಟು ಹಾಗೇ ಇತ್ತು. ನನಗೆ ಮಾತ್ರ ಯಾಕೋ ಆ ಕಡೆಯ ಕಲ್ಲುಕಂಬದ ಬುಡಕ್ಕೆ ಕಣ್ಣು ಹೋಯಿತು. ಕಂಬದ ಹಿಂದೆ ಮಣ್ಣು ಬಾಯಿ ಬಿಟ್ಟಿತ್ತು, ಒಂದು ಅಂಗೈ ಹಿಡಿಸುವಷ್ಟು. ಕಂಬ ಜೋಲಿಯ ಕಡೆಗೆ ವಾಲಿತ್ತು. ದಿನವೂ ಹಗ್ಗವನ್ನು ಸಡಿಲ ಮಾಡುತ್ತಿದ್ದದ್ದು ಆ ಕಂಬ. ಇವನು ಬಿಗಿದಷ್ಟೂ ಅದು ಬಾಗಿತ್ತು, ಅದು ಬಾಗಿದಷ್ಟೂ ಇವನು ಬಿಗಿದಿದ್ದ. ನೆಲದ ಮೇಲೆ ಹೆಜ್ಜೆ ಹುಡುಕುತ್ತಿದ್ದವನು ತಲೆಯೆತ್ತಿ ಕಂಬವನ್ನು ಒಮ್ಮೆಯೂ ನೋಡಿರಲಿಲ್ಲ.

‘ಚಿಕ್ಕಮ್ಮ, ಎದ್ದೇಳು’ ಅಂತ ಕೂಗಿದೆ. ಅವಳು ಏಳಲು ಹೋದಳು. ಏಳುವ ಜೋರಿಗೇ ಕಂಬ ಬುಡಸಮೇತ ಬಂತು.

ಸದ್ದು ದೊಡ್ಡದಲ್ಲ. ಜೋಲಿಯ ಬಟ್ಟೆಯನ್ನು ನೆಲಕ್ಕೆ ಅದುಮಿಕೊಂಡು ಕಲ್ಲು ಬಿತ್ತು. ಚಿಕ್ಕಮ್ಮ ಪಕ್ಕಕ್ಕೆ ಉರುಳಿದ್ದಳು. ಊರಿದ ಎಡಗೈ ಅವಳ ಮೈಕೆಳಗೆ ಸಿಕ್ಕಿಕೊಂಡಿತ್ತು. ಕಂಬದ ತುದಿ ಅವಳ ಭುಜದ ಪಕ್ಕದಲ್ಲೇ ಬೂದಿ ಹರಡಿದ ನೆಲದಲ್ಲಿ ಹೂತುಹೋಗಿತ್ತು. ದಿನವೂ ಚಿಕ್ಕಪ್ಪ ತಲೆಯಿಟ್ಟು ಮಲಗುತ್ತಿದ್ದ ಕಡೆ ಕಲ್ಲು ಉದ್ದಕ್ಕೆ ಬಿದ್ದಿತ್ತು. ಅವತ್ತು ಅವಳನ್ನು ಕೂರಿಸದೆ ಅವನೇ ಮಲಗಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ನಾನು ಅವನಿಗೆ ಹೇಳಲಿಲ್ಲ. ಅವನೂ ಕೇಳಲಿಲ್ಲ.

ಚನ್ನರಾಯಪ್ಪನೇ ಬೇಲಿ ಹಾರಿ ಬಂದ. ಅವನ ಆಟೋದಲ್ಲೇ ಶ್ರೀನಿವಾಸಪುರದ ಆಸ್ಪತ್ರೆಗೆ ಹೋದೆವು. ಮಣಿಕಟ್ಟಿನ ಮೂಳೆ ಮುರಿದಿತ್ತು. ಎಕ್ಸ್‌ರೇ ಎತ್ತಿ ಹಿಡಿದು ಡಾಕ್ಟರು ತೋರಿಸುವಾಗ, ಇದು ನಮ್ಮವಳದ್ದೇನಾ, ಬೇರೆಯವರದ್ದಾ ಅಂತ ಚಿಕ್ಕಪ್ಪ ಕೇಳುತ್ತಾನೆ ಅಂತ ಕಾದೆ. ಕೇಳಲಿಲ್ಲ. ಬರೆದುಕೊಟ್ಟ ಮಾತ್ರೆಗಳನ್ನು ತಿರುಗಿಸಿಯೂ ನೋಡದೆ ಜೇಬಿಗೆ ಹಾಕಿಕೊಂಡ. ಆಗ ನನಗೆ ಅವನ ಬಗ್ಗೆ ಭಯವಾಯಿತು.

ಮನೆಗೆ ಬರುವಾಗ ಆಟೋದಲ್ಲಿ, ‘ತಪ್ಪಾಯ್ತು ರತ್ನ’ ಅಂದ. ಇನ್ನೊಮ್ಮೆ ಅಂದ. ಚಿಕ್ಕಮ್ಮ ಹೊರಗೆ ನೋಡುತ್ತಾ, ‘ಆಯ್ತು ಬಿಡು’ ಅಂದಳು. ಅವಳು ಕೋಪ ಮಾಡಿಕೊಂಡಿದ್ದರೆ, ನಾಲ್ಕು ಮಾತು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮನೆಯಲ್ಲೂ ಮಾತು ಬಿಡಲಿಲ್ಲ. ಒಂದೇ ಕೈಯಲ್ಲಿ ಮುದ್ದೆ ತಿರುವಿದಳು, ಬಡಿಸಿದಳು. ಅವನು ಚೊಂಬು ತಂದರೆ ಇಸಿದುಕೊಂಡಳು. ಎಲ್ಲವೂ ಮೊದಲಿನ ಹಾಗೇ ಇದೆ ಅಂತ ಅವನಿಗೆ ಧೈರ್ಯ ಬಂತು.

ಪ್ಲಾಸ್ಟರ್ ಕಟ್ಟಿದ ಕೈ ಇನ್ನೂ ಕೊರಳಿಗೆ ತೂಗುತ್ತಿರುವಾಗಲೇ, ಅವಳ ಮಧ್ಯಾಹ್ನದ ನಿದ್ದೆಗೆ ಆರಾಮವಾಗಿರಲಿ ಅಂತ ಚಿಕ್ಕಪ್ಪ ಜೋಲಿ ಕಟ್ಟಲು ಹೊರಟ. ಈ ಸಲ ನನಗೆ ಫೋನು ಮಾಡಿ ಕರೆಸಿಕೊಂಡ. ಹರಿದ ಕಡೆ ಹೊಲಿಸಿ ತಂದಿದ್ದ. ಬೇನಿಷ ಮರಗಳನ್ನೇ ಆರಿಸಿದ. ಗೋಣಿಚೀಲದಿಂದ ಪಟ್ಟಿಗಳನ್ನು ತೆಗೆದು ಸುತ್ತಿದ. ತೋರುಬೆರಳು ಚಾಚಿ, ಹೆಬ್ಬೆರಳು ಎತ್ತಿ, ಒಂದು ಕಣ್ಣು ಮುಚ್ಚಿ ಇಳಿಜಾರು ನೋಡಿದ. ಈ ಕಡೆ ಒಂದು ಗೇಣು ಇಳಿಸಿದ, ಆ ಕಡೆ ಏರಿಸಿದ. ಜೋಲಿ ಚೆನ್ನಾಗಿ ಬಾಗಿ ನಿಂತಿತು. ತಾನು ಮೊದಲು ಮಲಗಿ, ಹೊರಳಾಡಿ, ಎದ್ದು ಮತ್ತೆ ನೋಡಿದ. ಇಷ್ಟು ಸರಿಯಾಗಿ ನನ್ನ ವಿದ್ಯಾರ್ಥಿಗಳೂ ಕಟ್ಟುವುದಿಲ್ಲ.

‘ಬಾ ರತ್ನ’ ಅಂತ ಕರೆದ.

ಚಿಕ್ಕಮ್ಮ ಬಂದಳು. ಜೋಲಿಯ ಹತ್ತಿರ ಬಂದು ನಿಂತಳು, ಕೂರಲಿಲ್ಲ. ಮೊದಲು ಈ ಮರದ ಹತ್ತಿರ ಹೋಗಿ ನೆಟ್ಟಗಿದ್ದ ಕೈಯಿಂದ ಪಟ್ಟಿಯನ್ನು ಎಳೆದು ನೋಡಿದಳು. ಕೊಂಡಿಯನ್ನು ತಿರುಗಿಸಿ ನೋಡಿದಳು. ಆಮೇಲೆ ಆ ಮರದ ಹತ್ತಿರ ಹೋಗಿ ಅಲ್ಲೂ ಎಳೆದಳು, ಮರವನ್ನೂ ಒಮ್ಮೆ ನೂಕಿದಳು.

‘ಸರಿಯಾಗೇ ಕಟ್ಟಿದೀನಿ ಕಣೇ’ ಅಂದ ಚಿಕ್ಕಪ್ಪ. ಅವನ ಧ್ವನಿ ಸಣ್ಣದಾಗಿತ್ತು.

‘ಇರ್ಲಿ’ ಅಂದಳು ಚಿಕ್ಕಮ್ಮ, ‘ನಾನೂ ಒಂದ್ಸಲ ನೋಡ್ಕೋತೀನಿ.’

ಅವಳು ನೋಡಿ ಮುಗಿಸುವ ತನಕ ಅವನು ಅಲ್ಲೇ ತಲೆ ತಗ್ಗಿಸಿಕೊಂಡು ನಿಂತಿದ್ದ.